ಸಿಂಗಪುರಕ್ಕೆ ಗುಂಪಾಗಿ ನಾಲ್ಕು ದಿನ: ಏನು ನೋಡಬೇಕು, ಏನು ಬಿಡಬೇಕು

ನಾವು ಒಂಬತ್ತು ಜನ. ಅತ್ತೆಗೆ 71 ವರ್ಷ, ತಂಗಿಯ ಮಗನಿಗೆ 6. ನಡುವೆ ಮಂಡಿನೋವಿನ ದೊಡ್ಡಪ್ಪ, ದಿನಾ ಬೆಳಗ್ಗೆ ಎಂಟು ಕಿಲೋಮೀಟರ್ ನಡೆಯುವ ನನ್ನ ಗಂಡ, ಹಕ್ಕಿ ಕಂಡರೆ ಊಟ ಮರೆಯುವ ಮಗಳು. ಕೈಯಲ್ಲಿದ್ದದ್ದು ಏಪ್ರಿಲ್ ರಜೆಯ ನಾಲ್ಕು ದಿನ. ಹೊರಡುವ ಮೊದಲು ಮನೆಯ ವಾಟ್ಸಾಪ್ ಗುಂಪಿನಲ್ಲಿ ಇಪ್ಪತ್ತಮೂರು ಜಾಗಗಳ ಪಟ್ಟಿ ಸೇರಿತ್ತು. ನೋಡಿದ್ದು ಏಳು. ಅಷ್ಟೇ ಸರಿಯಾಯಿತು ಅಂತ ಈಗಲೂ ಅನ್ನಿಸುತ್ತದೆ.

ಸಿಂಗಪುರ ಚಿಕ್ಕದು, ನಾಲ್ಕು ದಿನದಲ್ಲಿ ಎಲ್ಲ ಮುಗಿಸಬಹುದು ಅಂತ ಹೇಳುವವರು ಬಹಳ. ಚಿಕ್ಕದು ನಿಜ. ಇಡೀ ದೇಶ ಸುಮಾರು 735 ಚದರ ಕಿಲೋಮೀಟರ್. ಹೆಚ್ಚುಕಮ್ಮಿ ನಾವು ಬಿಬಿಎಂಪಿ ವ್ಯಾಪ್ತಿ ಅನ್ನುತ್ತಿದ್ದ ಬೆಂಗಳೂರಿನಷ್ಟು. ಆದರೆ ಬೆಂಗಳೂರಲ್ಲಿ ಒಂಬತ್ತು ಜನರನ್ನು ಕಟ್ಟಿಕೊಂಡು ಒಂದೇ ದಿನ ಲಾಲ್‌ಬಾಗ್, ಬನ್ನೇರುಘಟ್ಟ, ಹೆಸರಘಟ್ಟ ಮೂರನ್ನೂ ನೋಡಲು ಹೊರಡುತ್ತೀರಾ? ಅಲ್ಲೂ ಹಾಗೇ. ಬಸ್ಸು, ರೈಲು ಸಮಯಕ್ಕೆ ಬರುತ್ತವೆ. ಹೊತ್ತು ಹೋಗುವುದು ಶೌಚಾಲಯದ ಮುಂದೆ, ನೀರಿನ ಬಾಟಲಿ ತುಂಬುವಲ್ಲಿ, ಹಿಂದೆ ಉಳಿದವರಿಗೆ ಕಾಯುವಲ್ಲಿ.

ಹಾಗಾಗಿ ನನ್ನ ಅಳತೆ ಒಂದೇ. ಗುಂಪಿನಲ್ಲಿ ಎಲ್ಲರಿಗಿಂತ ನಿಧಾನ ನಡೆಯುವವರು ಯಾರೋ, ಅವರ ಕಾಲಿಗೆ ಒಗ್ಗುವ ಜಾಗವನ್ನು ಮೊದಲು ಆರಿಸಿ. ಬೆಳಗ್ಗೆ ಒಂದು ಹಸಿರು ಜಾಗ, ಸಂಜೆ ಒಂದು. ನಡುವೆ ಊಟ, ನಿದ್ದೆ.

ಮೊದಲು ಗಡಿಯಾರ

ಸಿಂಗಪುರ ನಮಗಿಂತ ಎರಡೂವರೆ ಗಂಟೆ ಮುಂದೆ. ಸಮಭಾಜಕ ವೃತ್ತದ ಪಕ್ಕದಲ್ಲೇ ಇರುವುದರಿಂದ ಅಲ್ಲಿ ವರ್ಷವಿಡೀ ಸೂರ್ಯ ಹುಟ್ಟುವುದು ಸುಮಾರು ಏಳಕ್ಕೆ, ಮುಳುಗುವುದು ಸುಮಾರು ಏಳಕ್ಕೆ. ಇದು ಗುಂಪಿನ ಪ್ರವಾಸಕ್ಕೆ ತುಂಬಾ ಮುಖ್ಯ. ಅಲ್ಲಿನ ಬೆಳಗ್ಗೆ ಏಳು ಅಂದರೆ ನಮ್ಮ ಮೈಗೆ ಇನ್ನೂ ನಾಲ್ಕೂವರೆ. ಮಕ್ಕಳನ್ನು ಎಬ್ಬಿಸುವುದು ಕಷ್ಟ. ಆದರೆ ರಾತ್ರಿ ಹತ್ತಾದರೂ ಮೈಗೆ ಏಳೂವರೆ, ಯಾರಿಗೂ ನಿದ್ದೆ ಬರುವುದಿಲ್ಲ. ಆದ್ದರಿಂದ ರಾತ್ರಿಯ ಕಾರ್ಯಕ್ರಮಗಳನ್ನು ಮೊದಲ ಎರಡು ದಿನಕ್ಕೆ ಹಾಕಿ. ಬೆಳಗಿನ ಕಾಡು ನಡಿಗೆಯನ್ನು ಮೂರನೇ ದಿನಕ್ಕೆ ಇಡಿ. ಅಷ್ಟರಲ್ಲಿ ಮೈ ಒಗ್ಗಿರುತ್ತದೆ.

ಇನ್ನೊಂದು ವಿಷಯ. ಬೆಂಗಳೂರಿಂದ ರಾತ್ರಿ ವಿಮಾನ ಹತ್ತಿದರೆ ಬೆಳಗ್ಗೆ ಚಾಂಗಿ ವಿಮಾನ ನಿಲ್ದಾಣದಲ್ಲಿ ಇಳಿಯುತ್ತೀರಿ, ಹಾರಾಟ ನಾಲ್ಕೂವರೆ ಗಂಟೆಯ ಆಸುಪಾಸು. ಹೋಟೆಲ್ ಕೋಣೆ ಸಿಗುವುದು ಮಧ್ಯಾಹ್ನ. ಆ ಅರ್ಧ ದಿನ ಟಿಕೆಟ್ಟಿನ ಜಾಗಕ್ಕೆ ಹೋಗಬೇಡಿ. ಚೀಲಗಳನ್ನು ಹೋಟೆಲಿನಲ್ಲಿಟ್ಟು ಬೊಟಾನಿಕ್ ಗಾರ್ಡನ್ಸ್‌ಗೆ ಹೋಗಿ. ಹುಲ್ಲಿನ ಮೇಲೆ ಮಲಗಿದರೂ ಯಾರೂ ಏನೂ ಅನ್ನುವುದಿಲ್ಲ.

ಎರಡು ತೋಟ: ಹಳೆಯದೋ, ಹೊಸದೋ?

ಸಿಂಗಪುರದಲ್ಲಿ ತೋಟ ಅಂದರೆ ಎರಡು ಹೆಸರು ಬರುತ್ತವೆ. ಒಂದು ಬೊಟಾನಿಕ್ ಗಾರ್ಡನ್ಸ್, ಈಗಿನ ಜಾಗದಲ್ಲಿ ಶುರುವಾದದ್ದು 1859ರಲ್ಲಿ. ಇನ್ನೊಂದು ಗಾರ್ಡನ್ಸ್ ಬೈ ದ ಬೇ, 2012ರಲ್ಲಿ ತೆರೆದದ್ದು, ಸಮುದ್ರವನ್ನು ತುಂಬಿ ಮಾಡಿದ ನೆಲದ ಮೇಲೆ. ಎರಡಕ್ಕೂ ಸಮಯ ಇಲ್ಲದಿದ್ದರೆ ಯಾವುದು?

ಹಿರಿಯರು ಜಾಸ್ತಿ ಇದ್ದರೆ ಹಳೆಯದು. ನಮ್ಮ ಲಾಲ್‌ಬಾಗಿನ ದೊಡ್ಡಣ್ಣ ಅಂದುಕೊಳ್ಳಿ. 2015ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಬೆಳಗ್ಗೆ ಐದರಿಂದ ನಡುರಾತ್ರಿಯವರೆಗೆ ತೆರೆದಿರುತ್ತದೆ, ಒಳಗೆ ಹೋಗಲು ಕಾಸು ಕೊಡಬೇಕಿಲ್ಲ. ಒಳಗೆ ಒಂದು ತುಣುಕು ಮೂಲ ಮಳೆಕಾಡೇ ಉಳಿದಿದೆ. ಪೇಟೆಯ ನಡುವೆ ಅಂಥ ಕಾಡು ಉಳಿಸಿಕೊಂಡಿದ್ದಾರೆ ಅನ್ನುವುದು ನನಗೆ ಅಲ್ಲಿನ ಎಲ್ಲ ಎತ್ತರದ ಕಟ್ಟಡಗಳಿಗಿಂತ ದೊಡ್ಡದಾಗಿ ಕಂಡಿತು. ಬ್ರಿಟನ್ನಿನಿಂದ ರಬ್ಬರ್ ಸಸಿಗಳು 1877ರಲ್ಲಿ ಈ ತೋಟಕ್ಕೆ ಬಂದವು. ಮರ ಸಾಯದಂತೆ ಹಾಲು ಇಳಿಸುವ ರೀತಿಯನ್ನು ತೋಟದ ನಿರ್ದೇಶಕ ಹೆನ್ರಿ ರಿಡ್ಲಿ ಇಲ್ಲೇ ಕಂಡುಕೊಂಡರು. ದಕ್ಷಿಣ ಕನ್ನಡದ ರಬ್ಬರ್ ತೋಟದವರು ಯಾರಾದರೂ ಗುಂಪಿನಲ್ಲಿದ್ದರೆ ಈ ಕಥೆ ಹೇಳಿ, ಖುಷಿಪಡುತ್ತಾರೆ.

ಒಳಗಿನ ಆರ್ಕಿಡ್ ತೋಟಕ್ಕೆ ಮಾತ್ರ ಟಿಕೆಟ್ ಇದೆ. ಕೊಟ್ಟ ದುಡ್ಡಿಗೆ ಮೋಸವಿಲ್ಲ. ಸಿಂಗಪುರದ ರಾಷ್ಟ್ರೀಯ ಹೂವು ವಾಂಡಾ ಮಿಸ್ ಜೋಕಿಮ್, ಒಂದು ಆರ್ಕಿಡ್. ಆ್ಯಗ್ನೆಸ್ ಜೋಕಿಮ್ ಎಂಬ ಹೆಣ್ಣುಮಗಳು 19ನೇ ಶತಮಾನದ ಕೊನೆಯಲ್ಲಿ ಬೆಳೆಸಿದ ಮಿಶ್ರತಳಿ ಅದು. ಸೀತಾಳೆ ದಂಡೆ ಮುಡಿದು ಬೆಳೆದ ನಮ್ಮತ್ತೆ ಅಲ್ಲಿ ಒಂದೂವರೆ ಗಂಟೆ ಕಳೆದರು. ಆಚೆ ಬರಲು ಮನಸ್ಸೇ ಇರಲಿಲ್ಲ. ಚಿಕ್ಕ ಮಕ್ಕಳಿದ್ದರೆ ಒಳಗೇ ಜೇಕಬ್ ಬಾಲಾಸ್ ಮಕ್ಕಳ ತೋಟ ಇದೆ, ಅದೂ ಉಚಿತ. ಸೋಮವಾರ ಮುಚ್ಚಿರುತ್ತದೆ. ಗಮನಿಸಬೇಕಾದ ಒಂದು ಮಾತು: ತೋಟ ಉದ್ದವಾಗಿದೆ, ಒಂದು ತುದಿಯಿಂದ ಇನ್ನೊಂದಕ್ಕೆ ಎರಡು ಕಿಲೋಮೀಟರಿಗೂ ಜಾಸ್ತಿ. ಯಾವ ಗೇಟಿನಿಂದ ಒಳಗೆ, ಯಾವುದರಿಂದ ಹೊರಗೆ ಅಂತ ಮೊದಲೇ ಎಲ್ಲರಿಗೂ ಹೇಳಿಬಿಡಿ.

ಹದಿಹರೆಯದ ಮಕ್ಕಳು, ಗೆಳೆಯರ ಗುಂಪು ಆದರೆ ಗಾರ್ಡನ್ಸ್ ಬೈ ದ ಬೇ. 25ರಿಂದ 50 ಮೀಟರ್ ಎತ್ತರದ 18 ಸೂಪರ್‌ಟ್ರೀಗಳು, ಅಂದರೆ ಉಕ್ಕು ಮತ್ತು ಕಾಂಕ್ರೀಟಿನ ಕಾಂಡಕ್ಕೆ ನಿಜವಾದ ಬಳ್ಳಿ, ಗಿಡ ಹಬ್ಬಿಸಿದ ಮರಗಳು. ರಾತ್ರಿ 7.45ಕ್ಕೆ ಮತ್ತು 8.45ಕ್ಕೆ ಅಲ್ಲಿ ಹಾಡು, ದೀಪಗಳ ಪ್ರದರ್ಶನ, ಉಚಿತ. ಜನ ನೆಲದ ಮೇಲೆ ಅಂಗಾತ ಮಲಗಿ ನೋಡುತ್ತಾರೆ. ನೀವೂ ಮಲಗಿ, ನೆಲ ಅಷ್ಟು ಚೊಕ್ಕಟ. ಗಾಜಿನ ಎರಡು ಮನೆಗಳಿಗೆ ಟಿಕೆಟ್ ಇದೆ, ಕಡಿಮೆಯೇನಲ್ಲ. ಒಂದನ್ನೇ ನೋಡುವುದಾದರೆ ಕ್ಲೌಡ್ ಫಾರೆಸ್ಟ್ ನೋಡಿ. ಒಳಗೆ 35 ಮೀಟರ್ ಎತ್ತರದ ಹಸಿರು ಬೆಟ್ಟ, ಅದರ ಮೇಲಿಂದ ಜಲಪಾತ, ಮಂಜು. ಲಿಫ್ಟಿನಲ್ಲಿ ತುದಿಗೆ ಹೋಗಿ ನಿಧಾನವಾಗಿ ಇಳಿದು ಬರಬಹುದು, ದೊಡ್ಡಪ್ಪನೂ ಇಳಿದರು. ಒಳಗೆ ತಂಪು ಜಾಸ್ತಿ, ಒಂದು ಶಾಲು ಇರಲಿ. ಸುಡುವ ಮಧ್ಯಾಹ್ನಕ್ಕೆ ಅಥವಾ ಮಳೆ ಹಿಡಿದ ಹೊತ್ತಿಗೆ ಇದಕ್ಕಿಂತ ಒಳ್ಳೆಯ ಜಾಗವಿಲ್ಲ.

ನಾವು ಎರಡನ್ನೂ ನೋಡಿದೆವು, ಬೇರೆ ಬೇರೆ ದಿನ. ಹಳೆಯದಕ್ಕೆ ಬೆಳಗು, ಹೊಸದಕ್ಕೆ ಸಂಜೆ.

ಕಾಡಿನ ನಡಿಗೆ: ನಾಲ್ಕರಲ್ಲಿ ಒಂದು

ಇಲ್ಲಿ ಗುಂಪುಗಳು ಹೆಚ್ಚು ತಪ್ಪು ಮಾಡುತ್ತವೆ. ಫೋಟೊ ನೋಡಿ ಜಾಗ ಆರಿಸುತ್ತಾರೆ, ದೂರ ಕೇಳುವುದಿಲ್ಲ.

ಮ್ಯಾಕ್‌ರಿಚಿ ಜಲಾಶಯದ ಕಾಡಿನಲ್ಲಿ ಟ್ರೀಟಾಪ್ ವಾಕ್ ಅಂತ ಒಂದು ತೂಗುಸೇತುವೆ ಇದೆ. 250 ಮೀಟರ್ ಉದ್ದ, ನೆಲದಿಂದ 25 ಮೀಟರಿನವರೆಗೆ ಎತ್ತರ. ಮರಗಳ ತಲೆಯ ಮಟ್ಟದಲ್ಲಿ ನಡೆಯುತ್ತೀರಿ. ಸೊಗಸು. ಆದರೆ ಸೇತುವೆ ಮುಟ್ಟಲು ಕಾಡಿನೊಳಗೆ ಏರಿಳಿತದ ದಾರಿಯಲ್ಲಿ ಕಿಲೋಮೀಟರುಗಟ್ಟಲೆ ನಡೆಯಬೇಕು. ಸೇತುವೆ ಒಮ್ಮುಖ, ಅರ್ಧಕ್ಕೆ ಹಿಂದಿರುಗಲು ಆಗುವುದಿಲ್ಲ. ದಾಟಿದ ಮೇಲೆ ಮೆಟ್ಟಿಲುಗಳು. ಸೋಮವಾರ ಸಾಮಾನ್ಯವಾಗಿ ಮುಚ್ಚಿರುತ್ತದೆ. ಕುಮಾರಪರ್ವತ ಹತ್ತುವ ಗೆಳೆಯರ ಗುಂಪಿಗೆ ಇದು ಸುಲಭ. ಮಂಡಿನೋವಿನವರಿಗೆ ಬೇಡವೇ ಬೇಡ. ಕೋತಿಗಳು ಇವೆ, ಕೈಯಲ್ಲಿ ಪ್ಲಾಸ್ಟಿಕ್ ಕವರ್ ಕಂಡರೆ ಹತ್ತಿರ ಬರುತ್ತವೆ. ತಿನ್ನಿಸಬೇಡಿ. ಕಾಡುಪ್ರಾಣಿಗೆ ತಿನ್ನಿಸುವುದು ಅಲ್ಲಿ ಅಪರಾಧ, ದಂಡ ಸಾವಿರಾರು ಡಾಲರಿಗೆ ಹೋಗಬಹುದು.

ಸದರ್ನ್ ರಿಜಸ್ ನನ್ನ ಆಯ್ಕೆ, ಎಲ್ಲ ವಯಸ್ಸಿನ ಗುಂಪಿಗೆ. ಬೆಟ್ಟದ ಸಾಲಿನ ಮೇಲೆ ಸುಮಾರು ಹತ್ತು ಕಿಲೋಮೀಟರ್ ದಾರಿ, ಹಲವು ಉದ್ಯಾನಗಳನ್ನು ಜೋಡಿಸುತ್ತದೆ. ಇಡೀ ದಾರಿ ನಡೆಯಬೇಕಿಲ್ಲ. ಮೌಂಟ್ ಫೇಬರ್ ಮೇಲಕ್ಕೆ ಟ್ಯಾಕ್ಸಿಯಲ್ಲೇ ಹೋಗಿ, ಹೆಂಡರ್ಸನ್ ವೇವ್ಸ್ ಸೇತುವೆ ದಾಟಿ. 274 ಮೀಟರ್ ಉದ್ದ, ಕೆಳಗಿನ ರಸ್ತೆಯಿಂದ 36 ಮೀಟರ್ ಎತ್ತರ. ಅಲೆಯ ಹಾಗೆ ಬಾಗಿದ ಮರದ ಹಲಗೆಗಳ ನಡುವೆ ಕೂರಲು ಜಾಗಗಳಿವೆ. ಮುಂದೆ ಫಾರೆಸ್ಟ್ ವಾಕ್ ಅಂತ ಎತ್ತರಿಸಿದ ಉಕ್ಕಿನ ದಾರಿ, ಗಾಲಿಕುರ್ಚಿಯೂ ಹೋಗುವಷ್ಟು ಸಣ್ಣ ಇಳಿಜಾರು. ನಮ್ಮ ಗುಂಪು ಇಲ್ಲಿ ಎರಡು ಭಾಗವಾಯಿತು. ಗಂಡ, ಮೈದುನ, ಮಗಳು ಕೆಳಗಿನ ಹಾರ್ಬರ್‌ಫ್ರಂಟ್ ನಿಲ್ದಾಣದಿಂದ ಮೆಟ್ಟಿಲು ಹತ್ತಿ ಬಂದರು. ಉಳಿದವರು ಟ್ಯಾಕ್ಸಿಯಲ್ಲಿ ಹೋಗಿ ಸೇತುವೆಯ ಮೇಲೆ ಕೂತು ಕಾದೆವು. ಎಲ್ಲರಿಗೂ ಬೇಕಾದದ್ದು ಸಿಕ್ಕಿತು. ಹೀಗೆ ಬೇರೆಯಾಗಿ ಮತ್ತೆ ಸೇರಲು ಆಗುವ ಜಾಗ ಗುಂಪಿಗೆ ದೊಡ್ಡ ಅನುಕೂಲ.

ಪುಲಾವ್ ಉಬಿನ್ ದ್ವೀಪ ಬೇರೆಯೇ ಲೋಕ. ಚಾಂಗಿ ಪಾಯಿಂಟ್ ದಕ್ಕೆಯಿಂದ ದೋಣಿಯಲ್ಲಿ ಹತ್ತು ಹದಿನೈದು ನಿಮಿಷ. ದೋಣಿ ಹೊರಡುವುದು ಹನ್ನೆರಡು ಜನ ಸೇರಿದಾಗ. ನೀವು ಒಂಬತ್ತು ಜನ ಇದ್ದರೆ ಇನ್ನು ಮೂವರಿಗೆ ಕಾಯಬೇಕು, ಇಲ್ಲವೇ ಆ ಮೂರು ಸೀಟಿನ ದುಡ್ಡನ್ನೂ ಕೊಟ್ಟರೆ ತಕ್ಷಣ ಹೊರಡುತ್ತಾರೆ. ನಗದು ಇಟ್ಟುಕೊಳ್ಳಿ. ಹಳ್ಳಿಯ ಮನೆಗಳು, ತೆಂಗಿನ ಮರ, ನೀರು ತುಂಬಿದ ಹಳೆಯ ಗ್ರಾನೈಟ್ ಕ್ವಾರಿಗಳು, ಬಾಡಿಗೆ ಸೈಕಲ್. ಪೂರ್ವದ ತುದಿಯಲ್ಲಿ ಚೆಕ್ ಜಾವಾ. ಕಾಂಡ್ಲಾ (ಮ್ಯಾಂಗ್ರೋವ್) ಕಾಡಿನ ನಡುವೆ, ಸಮುದ್ರದ ಮೇಲೆ ಕಾಲುದಾರಿ ಹಾಕಿದ್ದಾರೆ. ಈ ಜಾಗವನ್ನೂ ಮಣ್ಣು ತುಂಬಿ ಮುಚ್ಚುವ ಯೋಜನೆ ಇತ್ತು. ಜನ ಬಂದು ನೋಡಿ, ಇಲ್ಲಿನ ಜೀವಜಾಲವನ್ನು ಉಳಿಸಿ ಅಂತ ಕೇಳಿಕೊಂಡ ಮೇಲೆ 2001ರ ಕೊನೆಯಲ್ಲಿ ಸರ್ಕಾರ ಅದನ್ನು ಮುಂದಕ್ಕೆ ಹಾಕಿತು. ಇಳಿತದ ಹೊತ್ತು ನೋಡಿಕೊಂಡು ಹೋದರೆ ಏಡಿ, ನಕ್ಷತ್ರಮೀನು ಕಾಣುವ ಅವಕಾಶ ಹೆಚ್ಚು. ಮಂಗಟ್ಟೆ ಹಕ್ಕಿಗಳೂ ಇವೆ. ದಾಂಡೇಲಿಯಲ್ಲಿ ನೋಡಿದವರಿಗೆ ಅದರ ರೆಕ್ಕೆಯ ಸದ್ದು ಗೊತ್ತಿರುತ್ತದೆ, ಅಲ್ವಾ? ಮಗಳು ಸೈಕಲ್ ನಿಲ್ಲಿಸಿ ಒಂದು ಜೋಡಿಯನ್ನು ನೋಡುತ್ತಾ ನಿಂತಳು. ನಾವೆಲ್ಲ ಸುಮ್ನೆ ಕಾದೆವು.

ಉಬಿನ್‌ಗೆ ಅರ್ಧ ದಿನ ಪೂರ್ತಿ ಬೇಕು. ಅಂಗಡಿಗಳಲ್ಲಿ ಮೀನು, ಏಡಿಯ ಊಟವೇ ಜಾಸ್ತಿ. ಸಸ್ಯಾಹಾರಿಗಳು ಚಪಾತಿ, ಚಟ್ನಿಪುಡಿ ಕಟ್ಟಿಕೊಂಡು ಹೋಗುವುದು ಒಳ್ಳೆಯದು. ಹಿರಿಯರಿಗೆ ದ್ವೀಪದಲ್ಲಿ ಬಾಡಿಗೆ ವ್ಯಾನ್ ಸಿಗುತ್ತದೆ.

ನಾಲ್ಕನೆಯದು ಸುಂಗೈ ಬುಲೋ, ಉತ್ತರದ ಜೌಗು ಕಾಡು. ಉಡ, ನೀರುನಾಯಿ, ಕೆಸರಿನಲ್ಲಿ ಕುಪ್ಪಳಿಸುವ ಮೀನು, ಉಪ್ಪುನೀರಿನ ಮೊಸಳೆ. ದಾರಿ ಸಮತಟ್ಟು. ವಲಸೆ ಹಕ್ಕಿಗಳು ಬರುವುದು ಸೆಪ್ಟೆಂಬರಿನಿಂದ ಮಾರ್ಚ್. ಆ ತಿಂಗಳುಗಳಲ್ಲಿ ಹೋಗುವ ಹಕ್ಕಿಪ್ರಿಯರ ಗುಂಪು ಉಳಿದೆಲ್ಲ ಬಿಟ್ಟು ಇಲ್ಲಿಗೇ ಹೋಗಲಿ. ನಾವು ಹೋದದ್ದು ಏಪ್ರಿಲ್, ಬಿಟ್ಟೆವು.

ಪಟ್ಟಿಯಲ್ಲಿ ಯಾರೂ ಹಾಕದ ಒಂದು ಜಾಗ ಹೇಳುತ್ತೇನೆ. ಬಿಶಾನ್–ಆಂಗ್ ಮೊ ಕಿಯೊ ಪಾರ್ಕ್. ಇಲ್ಲಿ ಕಲಾಂಗ್ ನದಿ ಮೊದಲು 2.7 ಕಿಲೋಮೀಟರಿನ ನೇರ ಕಾಂಕ್ರೀಟ್ ಕಾಲುವೆ ಆಗಿತ್ತು. ಕಾಂಕ್ರೀಟನ್ನು ಒಡೆದು, ಬಾಗಿ ಬಳುಕುವ ನದಿಯಾಗಿ ಮಾಡಿ 2012ರಲ್ಲಿ ಬಿಟ್ಟುಕೊಟ್ಟರು. ಈಗ ದಡದಲ್ಲಿ ಹುಲ್ಲು, ಹಕ್ಕಿ, ಅದೃಷ್ಟವಿದ್ದರೆ ನೀರುನಾಯಿಗಳ ಸಂಸಾರ. ಮಕ್ಕಳು ಕಲ್ಲುಗಳ ಮೇಲೆ ಹೆಜ್ಜೆ ಇಟ್ಟು ನದಿ ದಾಟುತ್ತಾರೆ. ನಮ್ಮ ರಾಜಕಾಲುವೆಗಳ ವಾಸನೆಯಲ್ಲಿ ಓಡಾಡುವ ನನಗೆ ಅಲ್ಲಿ ಗಂಟಲು ಕಟ್ಟಿತು. ಮೆಟ್ರೊ ನಿಲ್ದಾಣದಿಂದ ನಡೆದೇ ಹೋಗಬಹುದು, ಒಂದು ಪೈಸೆ ಖರ್ಚಿಲ್ಲ.

ಮಂಡಾಯ್: ಒಂದೇ ಸಾಕು

ಉತ್ತರದ ಮಂಡಾಯ್‌ನಲ್ಲಿ ಪ್ರಾಣಿ ಪಕ್ಷಿಗಳ ಹಲವು ಉದ್ಯಾನಗಳು ಒಂದೇ ಕಡೆ ಇವೆ. ಎರಡು ಮೂರು ಸೇರಿಸಿದ ಟಿಕೆಟ್ ಅಗ್ಗ ಅನ್ನಿಸುತ್ತದೆ. ನಾವೂ ಹಾಗೇ ಎರಡಕ್ಕೆ ಕೊಂಡೆವು. ಮಧ್ಯಾಹ್ನ ಬರ್ಡ್ ಪ್ಯಾರಡೈಸ್ ಮುಗಿಸುವಷ್ಟರಲ್ಲಿ ಅತ್ತೆಗೆ ಹೆಜ್ಜೆ ಎತ್ತಲು ಆಗುತ್ತಿರಲಿಲ್ಲ. ನಾಲ್ಕು ಜನ ಹೋಟೆಲಿಗೆ ಮರಳಿದರು, ಅವರ ನೈಟ್ ಸಫಾರಿ ಟಿಕೆಟ್ ಹೋಯಿತು. ಅವರಿಗೇ ಅದು ಹೆಚ್ಚು ಒಪ್ಪುತ್ತಿತ್ತು ಅನ್ನುವುದು ಬೇಸರ. 1994ರಲ್ಲಿ ತೆರೆದ ನೈಟ್ ಸಫಾರಿ ರಾತ್ರಿಗೆಂದೇ ಮಾಡಿದ ಜಗತ್ತಿನ ಮೊದಲ ಪ್ರಾಣಿಸಂಗ್ರಹಾಲಯ. ಅಲ್ಲಿ ಟ್ರಾಮ್‌ನಲ್ಲಿ ಕೂತೇ ಬಹುಪಾಲು ನೋಡಬಹುದು.

ಆದ್ದರಿಂದ: ಹಿರಿಯರು, ಸಣ್ಣ ಮಕ್ಕಳು ಇದ್ದರೆ ನೈಟ್ ಸಫಾರಿ. ಹಕ್ಕಿ ಇಷ್ಟಪಡುವವರಿಗೆ, ಕ್ಯಾಮೆರಾ ಹಿಡಿದವರಿಗೆ 2023ರಲ್ಲಿ ತೆರೆದ ಬರ್ಡ್ ಪ್ಯಾರಡೈಸ್, ಅಲ್ಲಿ ದೊಡ್ಡ ಬಲೆಮನೆಗಳ ಒಳಗೇ ನಡೆಯುತ್ತೀರಿ. ಹಗಲು ಒಂದೇ ಜಾಗಕ್ಕೆ ಅಂದರೆ ಹಳೆಯ ಮೃಗಾಲಯ, ಒರಾಂಗುಟಾನ್‌ಗಳು ತಲೆಯ ಮೇಲಿನ ಹಗ್ಗಗಳಲ್ಲೇ ಓಡಾಡುತ್ತವೆ. ಪಾಂಡಾ ನೋಡಲೇಬೇಕು ಅಂದರೆ ರಿವರ್ ವಂಡರ್ಸ್.

ಸೆಂಟೋಸಾ ದ್ವೀಪದ ಬಗ್ಗೆ ಬೇಗ ಹೇಳಿ ಮುಗಿಸುತ್ತೇನೆ. ಯೂನಿವರ್ಸಲ್ ಸ್ಟುಡಿಯೋಸ್‌ಗೆ ಒಂದು ಇಡೀ ದಿನ ಬೇಕು, ಮಕ್ಕಳು ಹಟ ಮಾಡಿದರೆ ಮಾತ್ರ ಹೋಗಿ. ಕಡಲತೀರಕ್ಕೆ ಅಂತ ಹೋಗಬೇಡಿ. ಮರವಂತೆ, ಗೋಕರ್ಣ ನೋಡಿದವರಿಗೆ ಹೊರಗಿಂದ ಮರಳು ತಂದು ಮಾಡಿದ ತೀರ ಏನೂ ಅನ್ನಿಸುವುದಿಲ್ಲ. ಫೋರ್ಟ್ ಸಿಲೋಸೋಗೆ ಹೋಗುವ ಎತ್ತರದ ಕಾಲುದಾರಿ ಮಾತ್ರ ಚೆನ್ನಾಗಿದೆ. ಲಿಫ್ಟ್ ಇದೆ, ಟಿಕೆಟ್ ಇಲ್ಲ.

ಎಲ್ಲಿ ಉಳಿಯುವುದು, ಹೇಗೆ ಓಡಾಡುವುದು

ಒಂಬತ್ತು ಜನ ಅಂದಾಕ್ಷಣ ಒಂದು ಮನೆ ಬಾಡಿಗೆಗೆ ಹಿಡಿಯೋಣ ಅನ್ನಿಸುತ್ತದೆ. ಕೂರ್ಗಿನ ಹೋಂಸ್ಟೇ ಹಾಗೆ. ಸಿಂಗಪುರದಲ್ಲಿ ಇದು ಕಾನೂನಿಗೆ ವಿರುದ್ಧ. ಖಾಸಗಿ ಮನೆಗಳನ್ನು ಮೂರು ತಿಂಗಳಿಗಿಂತ ಕಡಿಮೆ ಅವಧಿಗೆ ಬಾಡಿಗೆಗೆ ಕೊಡುವಂತಿಲ್ಲ. ಜಾಲತಾಣದಲ್ಲಿ ಕಂಡರೂ ಮುಟ್ಟಬೇಡಿ. ಹೋಟೆಲ್ ಅಥವಾ ಪರವಾನಗಿ ಇರುವ ಸರ್ವಿಸ್ ಅಪಾರ್ಟ್‌ಮೆಂಟ್ ಹಿಡಿಯಿರಿ.

ಬಡಾವಣೆ ಯಾವುದು? ಮರೀನಾ ಬೇ ನೋಟ ಚೆಂದ, ಬೆಲೆ ವಿಪರೀತ. ಚೈನಾಟೌನ್ ಒಳ್ಳೆಯದೇ. ಆದರೂ ನಮ್ಮಂಥ ಗುಂಪಿಗೆ ಲಿಟ್ಲ್ ಇಂಡಿಯಾ ಅಂತ ಗಟ್ಟಿಯಾಗಿ ಹೇಳುತ್ತೇನೆ. ಊಟಕ್ಕೆ ಮಾತ್ರ ಅಲ್ಲ, ರೈಲಿಗೂ. ಡೌನ್‌ಟೌನ್ ಲೈನಿನಲ್ಲಿ ಒಂದು ದಿಕ್ಕಿಗೆ ಮೂರನೇ ನಿಲ್ದಾಣ ಬೊಟಾನಿಕ್ ಗಾರ್ಡನ್ಸ್. ಇನ್ನೊಂದು ದಿಕ್ಕಿಗೆ ನಾಲ್ಕನೆಯದು ಬೇಫ್ರಂಟ್, ಅಂದರೆ ಗಾರ್ಡನ್ಸ್ ಬೈ ದ ಬೇ. ಇನ್ನೊಂದು ಲೈನ್ ನೇರ ಹಾರ್ಬರ್‌ಫ್ರಂಟ್‌ಗೆ. ರೈಲು ಬದಲಾಯಿಸುವ ಗೋಜಿಲ್ಲ. ಬೆಳಗ್ಗೆ ಸೆರಂಗೂನ್ ರಸ್ತೆಯಲ್ಲಿ ಫಿಲ್ಟರ್ ಕಾಫಿ, ದೋಸೆ. ನಮ್ಮ ಎಂಟಿಆರ್ ಕೂಡ 2013ರಿಂದ ಅದೇ ರಸ್ತೆಯಲ್ಲಿದೆ. ಮೂರನೇ ದಿನ ಅಲ್ಲಿ ರವೆ ಇಡ್ಲಿ ಸಿಕ್ಕ ಮೇಲೆ ದೊಡ್ಡಪ್ಪನ ಮುಖ ಅರಳಿತು.

ಮೆಟ್ರೊದಲ್ಲಿ ಒಂದು ಕಾರ್ಡಿಗೆ ಒಬ್ಬರೇ. ಯಜಮಾನರ ಕಾರ್ಡ್ ಒತ್ತಿ ಎಲ್ಲರೂ ಒಳಗೆ ಹೋಗಲು ಆಗುವುದಿಲ್ಲ. ವೀಸಾ, ಮಾಸ್ಟರ್ ಕಾರ್ಡ್ ಇದ್ದವರು ಅದನ್ನೇ ಬಳಸಬಹುದು, ಉಳಿದವರಿಗೆ ಅಲ್ಲಿನ ಪ್ರಯಾಣದ ಕಾರ್ಡ್ ಕೊಳ್ಳಿ. ರೈಲಿನಲ್ಲಿ ತಿನ್ನುವಂತಿಲ್ಲ, ಕುಡಿಯುವಂತಿಲ್ಲ, ದಂಡ 500 ಡಾಲರಿನವರೆಗೆ. ನೀರೂ ಸೇರಿ. ಮಕ್ಕಳಿಗೆ ಮೊದಲೇ ಹೇಳಿಡಿ. ವಿಮಾನ ನಿಲ್ದಾಣ ಮತ್ತು ಮಂಡಾಯ್‌ಗೆ ಮಾತ್ರ ದೊಡ್ಡ ಮ್ಯಾಕ್ಸಿಕ್ಯಾಬ್ ಹೇಳಿ. ಸಾಮಾನ್ಯ ಟ್ಯಾಕ್ಸಿಗೆ ನಾಲ್ಕೇ ಜನ, ಒಂಬತ್ತು ಜನಕ್ಕೆ ಮೂರು ಟ್ಯಾಕ್ಸಿ. ಹಾಗಾಗಿ ಮ್ಯಾಕ್ಸಿಕ್ಯಾಬಿನ ಲೆಕ್ಕ ಸರಿಹೋಗುತ್ತದೆ.

ಪ್ಯಾಕೇಜ್ ಒಳ್ಳೆಯದಾ ಅಂತ ಕೇಳುತ್ತಾರೆ. ಕೆಲವು ವರ್ಷ ಮೊದಲು ಗೆಳತಿಯರ ಜೊತೆ ಹಾಗೆ ಹೋಗಿದ್ದೆ. ಬಸ್ಸು, ಊಟ, ಟಿಕೆಟ್ ಎಲ್ಲ ಅವರೇ. ತಲೆನೋವಿಲ್ಲ. ಆದರೆ ಬೊಟಾನಿಕ್ ಗಾರ್ಡನ್ಸ್‌ಗೆ ಕೊಟ್ಟದ್ದು ನಲವತ್ತು ನಿಮಿಷ, ಚಾಕೊಲೇಟ್ ಅಂಗಡಿಗೆ ಒಂದೂವರೆ ಗಂಟೆ. ಇಪ್ಪತ್ತಕ್ಕಿಂತ ಹೆಚ್ಚು ಜನ ಇದ್ದರೆ ಪ್ಯಾಕೇಜ್ ಬೇಕಾಗುತ್ತದೆ. ಆಗ ಅಂಗಡಿಗಳನ್ನು ತೆಗೆದು ಉದ್ಯಾನಕ್ಕೆ ಹೊತ್ತು ಕೊಡಿ ಅಂತ ದುಡ್ಡು ಕಟ್ಟುವ ಮೊದಲೇ ಬರೆಸಿಕೊಳ್ಳಿ. ಹತ್ತು ಹನ್ನೆರಡು ಜನರೊಳಗಾದರೆ ನೀವೇ ಮಾಡಿಕೊಳ್ಳಿ. ವೀಸಾ ಮೊದಲೇ ಬೇಕು, ಅಧಿಕೃತ ಏಜೆಂಟರ ಮೂಲಕ. ತಲುಪುವ ಮೊದಲಿನ ಮೂರು ದಿನದೊಳಗೆ ತುಂಬುವ ಎಸ್‌ಜಿ ಅರೈವಲ್ ಕಾರ್ಡ್ ಉಚಿತ, ಅದಕ್ಕೆ ದುಡ್ಡು ಕೇಳುವ ತಾಣಗಳನ್ನು ನಂಬಬೇಡಿ. ಪಾಯಸಕ್ಕೆ ಅಂತ ಗಸಗಸೆ ಒಯ್ಯಬೇಡಿ, ಅಲ್ಲಿ ಅದಕ್ಕೆ ನಿರ್ಬಂಧವಿದೆ. ಚೂಯಿಂಗ್ ಗಮ್ ಕೂಡ ಬೇಡ.

ಯಾವ ತಿಂಗಳು

ಮಳೆ ಯಾವಾಗಲೂ ಇದೆ. ನವೆಂಬರಿನಿಂದ ಜನವರಿ ಜಾಸ್ತಿ. ಫೆಬ್ರವರಿ ಒಣ. ನಮ್ಮ ಮಕ್ಕಳ ರಜೆಯ ಏಪ್ರಿಲ್, ಮೇ ತಿಂಗಳಲ್ಲಿ ಸೆಖೆ ಹೆಚ್ಚು, ಮಧ್ಯಾಹ್ನ ಗುಡುಗು ಮಳೆ. ಹೊರಗಿನದೆಲ್ಲ ಹನ್ನೊಂದರೊಳಗೆ ಮುಗಿಸಿದರೆ ತೊಂದರೆಯಿಲ್ಲ. ನಲ್ಲಿ ನೀರು ಕುಡಿಯಬಹುದು, ಆಳಿಗೊಂದು ಬಾಟಲಿ ಸಾಕು.

ಕೊನೆಯ ಮಧ್ಯಾಹ್ನ: ಮುಸ್ತಫಾನೋ, ಜ್ಯುವೆಲ್ಲೋ?

ಕೊನೆಯ ದಿನ ಎಲ್ಲರೂ ಮುಸ್ತಫಾ ಸೆಂಟರ್ ಎಂಬ ದೊಡ್ಡ ಅಂಗಡಿಗೆ ಓಡುತ್ತಾರೆ. ಲಿಟ್ಲ್ ಇಂಡಿಯಾದಲ್ಲೇ ಉಳಿದಿದ್ದರೆ ಆ ಕೆಲಸ ಹಿಂದಿನ ರಾತ್ರಿಯೇ ಮುಗಿಸಿ. ಕೊನೆಯ ಮಧ್ಯಾಹ್ನವನ್ನು ವಿಮಾನ ನಿಲ್ದಾಣದ ಜ್ಯುವೆಲ್‌ಗೆ ಇಡಿ. 2019ರಲ್ಲಿ ತೆರೆದದ್ದು. ಗಾಜಿನ ಗುಮ್ಮಟದ ಕೆಳಗೆ ಮಹಡಿ ಮಹಡಿಯಾಗಿ ಕಾಡು, ನಡುವೆ 40 ಮೀಟರ್ ಎತ್ತರದಿಂದ ಬೀಳುವ ನೀರು. ಇದು ಭದ್ರತಾ ತಪಾಸಣೆಗೆ ಮೊದಲೇ ಸಿಗುತ್ತದೆ, ನೋಡಲು ಟಿಕೆಟ್ ಬೇಡ. ಚೀಲ ಇಡಲು ದುಡ್ಡಿನ ವ್ಯವಸ್ಥೆ ಇದೆ. ನಾವು ಮೂರು ಗಂಟೆ ಮೊದಲೇ ತಲುಪಿ, ನೀರಿಗೆ ಎದುರಾಗಿ ಕೂತು, ಬೆಳಗ್ಗೆ ಕಟ್ಟಿಸಿಕೊಂಡಿದ್ದ ಚಿತ್ರಾನ್ನ ಹಂಚಿಕೊಂಡೆವು. ಅತ್ತೆ ಚಪ್ಪಲಿ ಕಳಚಿ ಕಾಲು ಚಾಚಿದರು. ಹುಡುಗ ಅವರ ತೊಡೆಯ ಮೇಲೆ ನಿದ್ದೆ ಹೋದ.